ಉರಿ ಹತ್ತಿ ತಕ್ಷಣ ಆರುವ ಗ್ಯಾಸ್ ಗೀಸರ್: ದೋಷ ಹುಡುಕುವ ಕ್ರಮ

ನಲ್ಲಿ ತಿರುಗಿಸಿದರೆ ಚಟ್ ಚಟ್ ಸದ್ದು ಬರುತ್ತದೆ. ಉರಿಯೂ ಹತ್ತುತ್ತದೆ. ಆದರೆ ಕೆಲವೇ ಸೆಕೆಂಡಿನಲ್ಲಿ ಟಕ್ ಎಂದು ಆರಿಹೋಗುತ್ತದೆ. ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದೇ. ಸಿಲಿಂಡರ್ ಖಾಲಿಯಾಗಿರಬೇಕು ಅಂತ ಮನೆಯವರು ಅಂದುಕೊಳ್ಳುತ್ತಾರೆ. ‘ಬಾಕ್ಸ್ ಹೋಗಿದೆ, ಹೊಸದು ಹಾಕಬೇಕು’ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಬಾಕ್ಸ್ ಅಂದರೆ ಸ್ಪಾರ್ಕನ್ನೂ ಗ್ಯಾಸ್ ವಾಲ್ವನ್ನೂ ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ. ಬಹಳ ಸಲ ಎರಡೂ ನಿಜವಲ್ಲ. ಗ್ಯಾಸ್ ಬಂದಿದೆ, ಸ್ಪಾರ್ಕ್ ಬಂದಿದೆ, ಉರಿಯೂ ಬಂದಿದೆ. ಉರಿ ಬಂತು ಅನ್ನುವ ಸುದ್ದಿ ಮಾತ್ರ ಬಾಕ್ಸಿಗೆ ತಲುಪಿಲ್ಲ.

ಆ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಗೊತ್ತಾದರೆ, ಅದು ಎಲ್ಲಿ ನಿಂತುಹೋಗಿದೆ ಅಂತ ಹುಡುಕುವುದು ಕಷ್ಟವಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಬಾಕ್ಸಿಗೆ ಉರಿ ಹೇಗೆ ಗೊತ್ತಾಗುತ್ತದೆ

ಬರ್ನರ್ ಮೇಲೆ ಸಾಮಾನ್ಯವಾಗಿ ಎರಡು ಕಡ್ಡಿಗಳು ಕಾಣುತ್ತವೆ. ಎರಡಕ್ಕೂ ಬುಡದಲ್ಲಿ ಬಿಳಿ ಪಿಂಗಾಣಿ ಕವಚ ಇರುತ್ತದೆ. ಒಂದು ಸ್ಪಾರ್ಕ್ ಕಡ್ಡಿ. ಅದರ ತುದಿಯಿಂದ ಬರ್ನರಿಗೆ ಕಿಡಿ ಹಾರುತ್ತದೆ. ಇನ್ನೊಂದು ಸೆನ್ಸರ್ ಕಡ್ಡಿ. ಅದರಿಂದ ಕಿಡಿ ಬರುವುದಿಲ್ಲ, ಅದು ಸುಮ್ನೆ ಉರಿಯೊಳಗೆ ನಿಂತಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಒಂದೇ ಕಡ್ಡಿ ಎರಡೂ ಕೆಲಸ ಮಾಡುತ್ತದೆ.

ಸೆನ್ಸರ್ ಕಡ್ಡಿ ಶಾಖವನ್ನು ಅಳೆಯುತ್ತದೆ ಅಂತ ಹಲವರು ತಿಳಿದಿದ್ದಾರೆ. ಗೀಸರಿನ ಕಡ್ಡಿ ಆ ಕೆಲಸ ಮಾಡುವುದಿಲ್ಲ. ಅದು ನೋಡುವುದು ಉರಿಯ ಮೂಲಕ ಕರೆಂಟ್ ಹರಿಯುತ್ತದೆಯೇ ಅಂತ. ಸಾಮಾನ್ಯ ಗಾಳಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಎಲ್‌ಪಿಜಿಯಂಥ ಇಂಧನ ಉರಿಯುವಾಗ ಆ ರಾಸಾಯನಿಕ ಕ್ರಿಯೆಯಲ್ಲೇ ಎಲೆಕ್ಟ್ರಾನ್‌ಗಳೂ ಧನ ಅಯಾನುಗಳೂ (ಧನ ವಿದ್ಯುದಂಶ ಇರುವ ಕಣಗಳು) ಬಿಡುಗಡೆಯಾಗುತ್ತವೆ. ಅವು ಇರುವ ತನಕ ಉರಿ ಒಂದು ದುರ್ಬಲ ತಂತಿಯ ಹಾಗೆ ಕರೆಂಟ್ ಒಯ್ಯುತ್ತದೆ. ಉರಿ ಆರಿದ ಕ್ಷಣದಲ್ಲೇ ಆ ದಾರಿ ಮುಚ್ಚುತ್ತದೆ. ಕಡ್ಡಿ ಇನ್ನೂ ಕೆಂಪಗೆ ಕಾದಿದ್ದರೂ ಬಾಕ್ಸ್ ಮೋಸ ಹೋಗುವುದಿಲ್ಲ. ಈ ವಿಧಾನದ ದೊಡ್ಡ ಬಲ ಅದೇ.

ಇನ್ನೂ ಒಂದು ಜಾಣತನ ಇದರಲ್ಲಿದೆ. ತಂತಿಯ ಇನ್ಸುಲೇಷನ್ ಹರಿದು ಗೀಸರಿನ ತಗಡಿಗೆ ತಾಗಿದರೂ ಕರೆಂಟ್ ಹರಿಯುತ್ತದೆ ಅಲ್ವಾ? ಪಿಂಗಾಣಿ ಮೇಲೆ ನೀರು ಕೂತರೂ ಹರಿಯುತ್ತದೆ. ಅದನ್ನೇ ಉರಿ ಅಂತ ಬಾಕ್ಸ್ ತಿಳಿದುಕೊಂಡರೆ ಉರಿ ಇಲ್ಲದೆಯೂ ಗ್ಯಾಸ್ ಬಿಡುತ್ತಾ ಕೂರುತ್ತದೆ. ಇದನ್ನು ತಪ್ಪಿಸಲು ಕಡ್ಡಿಗೆ ಎಸಿ ವೋಲ್ಟೇಜ್, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವೋಲ್ಟೇಜ್ ಕೊಡುತ್ತಾರೆ. ಸೆಲ್ಲಿನಿಂದ ನಡೆಯುವ ಗೀಸರಿನಲ್ಲಿ 3 ವೋಲ್ಟ್ ಡಿಸಿಯನ್ನು ಬಾಕ್ಸಿನೊಳಗಿನ ಸರ್ಕ್ಯೂಟ್ ಹೆಚ್ಚಿಸಿ ಎಸಿ ಮಾಡಿಕೊಳ್ಳುತ್ತದೆ. ಬರ್ನರಿನ ಮೈ ದೊಡ್ಡದು, ಕಡ್ಡಿ ಸಣ್ಣದು. ಎಲೆಕ್ಟ್ರಾನ್ ಹಗುರ, ಬೇಗ ಓಡುತ್ತದೆ. ಧನ ಅಯಾನು ಭಾರ, ನಿಧಾನ. ಕಡ್ಡಿ ಧನವಾದಾಗ ಎಲೆಕ್ಟ್ರಾನ್‌ಗಳು ಕಡ್ಡಿಗೆ ಓಡಿ ಬರುತ್ತವೆ, ನಿಧಾನದ ಅಯಾನುಗಳನ್ನು ಬರ್ನರಿನ ಅಗಲ ಮೈ ಸೆಳೆದುಕೊಳ್ಳುತ್ತದೆ. ಆಗ ಕರೆಂಟ್ ಜಾಸ್ತಿ. ಕಡ್ಡಿ ಋಣವಾದಾಗ ಆ ಭಾರದ ಅಯಾನುಗಳನ್ನು ಸಣ್ಣ ಕಡ್ಡಿಯೇ ಹಿಡಿಯಬೇಕು. ಆಗ ಕರೆಂಟ್ ತೀರಾ ಕಡಿಮೆ. ಹೀಗೆ ಉರಿ ಡಯೋಡಿನಂತೆ, ಅಂದರೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗದಂತೆ ವರ್ತಿಸಿ, ಒಂದೇ ದಿಕ್ಕಿನ ಒಂದಿಷ್ಟು ಕರೆಂಟ್ ಉಳಿಯುತ್ತದೆ. ಬಾಕ್ಸ್ ಹುಡುಕುವುದು ಆ ಒಂದು ದಿಕ್ಕಿನ ಕರೆಂಟನ್ನು. ನೀರಿನ ತೇವದಲ್ಲೋ ಹರಿದ ತಂತಿಯಲ್ಲೋ ಎಸಿ ಎರಡೂ ಕಡೆಗೆ ಸಮನಾಗಿ ಹರಿಯುತ್ತದೆ. ಬಾಕ್ಸ್ ಅದನ್ನು ಉರಿ ಎಂದು ಒಪ್ಪುವುದಿಲ್ಲ.

ಈ ಕರೆಂಟ್ ಎಷ್ಟಿರುತ್ತದೆ? ಕೆಲವು ಮೈಕ್ರೋ ಆಂಪಿಯರ್ ಅಷ್ಟೇ. ಒಂದು ಮೈಕ್ರೋ ಆಂಪಿಯರ್ ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಕಣ್ಣಿಗೆ ಸರಿಯಾಗಿ ಕಾಣದ ಕೊಳೆ ಕೂಡ ಇದನ್ನು ತಡೆಯಬಲ್ಲದು. ಈ ಸಂಖ್ಯೆ ನೆನಪಿದ್ದರೆ ಮುಂದಿನ ಹೆಜ್ಜೆಗಳೆಲ್ಲ ಯಾಕೆ ಅಂತ ಅರ್ಥವಾಗುತ್ತದೆ.

ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಿ

ನಲ್ಲಿ ತಿರುಗಿಸಿದಾಗ ನೀರಿನ ಒತ್ತಡ ಒಳಗಿನ ರಬ್ಬರ್ ಡಯಾಫ್ರಮ್ಮನ್ನು ಸರಿಸುತ್ತದೆ. ಅದು ಒಂದು ಪಿನ್ನನ್ನು ತಳ್ಳುತ್ತದೆ. ಪಿನ್ನು ಮೈಕ್ರೋ ಸ್ವಿಚ್ಚಿಗೆ ಸುದ್ದಿ ಕೊಡುತ್ತದೆ. ಬಾಕ್ಸ್ ಎಚ್ಚೆತ್ತು ಸ್ಪಾರ್ಕ್ ಶುರುಮಾಡುತ್ತದೆ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ತೆರೆದು ಗ್ಯಾಸ್ ಬಿಡುತ್ತದೆ. ಉರಿ ಕಂಡರೆ ಸ್ಪಾರ್ಕ್ ನಿಲ್ಲಿಸಿ ವಾಲ್ವನ್ನು ಹಿಡಿದಿಡುತ್ತದೆ. ಕೆಲವು ಸೆಕೆಂಡಿನೊಳಗೆ ಉರಿ ಕಾಣದಿದ್ದರೆ ವಾಲ್ವ್ ಮುಚ್ಚುತ್ತದೆ.

ಅಂದಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಉರಿ ಹತ್ತಿದ ಮೇಲೆ ಚಟ್ ಚಟ್ ಸದ್ದು ನಿಂತಿತೋ ಇಲ್ಲವೋ?

ಉರಿ ಚೆನ್ನಾಗಿ ಹತ್ತಿದ್ದರೂ ಸ್ಪಾರ್ಕ್ ಹೊಡೆಯುತ್ತಲೇ ಇದ್ದು, ಆಮೇಲೆ ಎರಡೂ ನಿಂತರೆ ಬಾಕ್ಸಿಗೆ ಉರಿ ಕಾಣುತ್ತಿಲ್ಲ. ತಪ್ಪು ಸೆನ್ಸರ್ ದಾರಿಯಲ್ಲಿದೆ. ಈ ಬರಹದ ಮುಖ್ಯ ಭಾಗ ಅದಕ್ಕೇ.

ಸ್ಪಾರ್ಕ್ ನಿಂತು, ಉರಿ ಒಂದೆರಡು ನಿಮಿಷ ಚೆನ್ನಾಗಿ ಉರಿದು ಆಮೇಲೆ ಆರಿದರೆ ಸೆನ್ಸರ್ ತನ್ನ ಕೆಲಸ ಮಾಡಿದೆ. ಅದನ್ನು ಕೆರೆಯುತ್ತಾ ಕೂರಬೇಡಿ. ನೀರಿನ ಹರಿವು ಕಡಿಮೆಯಾಗಿ ಗೀಸರ್ ಅತಿಯಾಗಿ ಕಾದು ಥರ್ಮೋಸ್ಟಾಟ್ ಗ್ಯಾಸನ್ನು ನಿಲ್ಲಿಸಿರಬಹುದು. ಸೆಲ್ಲಿಗೆ ವಾಲ್ವ್ ಹಿಡಿದಿಡುವ ಶಕ್ತಿ ಇಲ್ಲದಿರಬಹುದು. ಹಲವು ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಇರುತ್ತದೆ, ಅದು ದೋಷವೇ ಅಲ್ಲ.

ಸ್ಪಾರ್ಕ್ ಇದೆ, ಉರಿಯೇ ಬರುವುದಿಲ್ಲ ಅಂದರೆ ಗ್ಯಾಸ್ ಕಡೆ ನೋಡಿ: ರೆಗ್ಯುಲೇಟರ್, ಪೈಪು ಮಡಚಿರುವುದು, ಸೊಲೆನಾಯ್ಡ್. ಸ್ಪಾರ್ಕೇ ಇಲ್ಲ ಅಂದರೆ ಸೆಲ್ಲು, ನೀರಿನ ಒತ್ತಡ, ಡಯಾಫ್ರಮ್. ಓವರ್‌ಹೆಡ್ ಟ್ಯಾಂಕ್ ಬಾತ್‌ರೂಮಿನ ತಲೆಮೇಲೇ ಇರುವ ಮನೆಗಳಲ್ಲಿ, ಅದರಲ್ಲೂ ಮೇಲಿನ ಮಹಡಿಯಲ್ಲಿ, ಒತ್ತಡ ಸಾಕಾಗದೆ ಪಿನ್ನು ಅಲುಗುವುದೇ ಇಲ್ಲ. ಬೋರ್‌ವೆಲ್ ನೀರಿನ ಊರುಗಳಲ್ಲಿ ನೀರು ಒಳಬರುವ ಕಡೆಯ ಜಾಲರಿಯಲ್ಲಿ ಸುಣ್ಣದ ಹರಳು ಕಟ್ಟಿಕೊಂಡಿರುತ್ತದೆ. ಅದನ್ನು ಬಿಚ್ಚಿ ತೊಳೆದರೆ ಎಷ್ಟೋ ಗೀಸರ್‌ಗಳು ಸರಿಹೋಗುತ್ತವೆ.

ಮುಟ್ಟುವ ಮೊದಲು

ಗ್ಯಾಸ್ ವಾಸನೆ ಇದ್ದರೆ ಯಾವ ಪರೀಕ್ಷೆಯೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆಯಿರಿ. ಲೈಟಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಸೇರಿಕೊಂಡಿರುತ್ತದೆ. ಎಲ್‌ಪಿಜಿ ಸೋರಿಕೆಗೆ ದೇಶಾದ್ಯಂತ 1906 ಸಹಾಯವಾಣಿ ಇದೆ.

ವಾಸನೆ ಇಲ್ಲದಿದ್ದರೂ ಕವರ್ ಬಿಚ್ಚುವ ಮೊದಲು ರೆಗ್ಯುಲೇಟರ್ ಮುಚ್ಚಿ, ಸೆಲ್ಲು ತೆಗೆಯಿರಿ, ತಣ್ಣಗಾಗಲು ಬಿಡಿ. ಗ್ಯಾಸ್ ಹರಿಯುವ ಯಾವ ಜಾಯಿಂಟನ್ನೂ ನೀವಾಗಿ ಬಿಚ್ಚಬೇಡಿ. ಇಲ್ಲಿ ಹೇಳುವ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ. ವಾರಂಟಿ ಇನ್ನೂ ಇದ್ದರೆ ಕಂಪನಿಯವರನ್ನೇ ಕರೆಯಿರಿ.

ಮೊದಲು ಸೆಲ್ಲು

ಎರಡು ದಪ್ಪ ಸೆಲ್ಲು, ಒಟ್ಟು 3 ವೋಲ್ಟ್. ಸ್ಪಾರ್ಕ್ ಬರುತ್ತಿದೆ, ಆದ್ದರಿಂದ ಸೆಲ್ಲು ಚೆನ್ನಾಗಿದೆ ಅಂತ ತೀರ್ಮಾನಿಸಬೇಡಿ. ಸ್ಪಾರ್ಕ್ ಹೊಡೆಯುತ್ತಾ ವಾಲ್ವನ್ನೂ ಎಳೆಯುವಾಗ ಹಳೆಯ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ. ಆಗ ಬಾಕ್ಸಿನ ಒಳಗಿನ ಸೆನ್ಸರ್ ಭಾಗವೂ ದುರ್ಬಲವಾಗುತ್ತದೆ. ಸೆಲ್ಲನ್ನು ಹೊರಗೆ ತೆಗೆದು ಅಳೆದರೆ ಇದು ಗೊತ್ತಾಗುವುದಿಲ್ಲ. ಸ್ಪಾರ್ಕ್ ಹೊಡೆಯುತ್ತಿರುವಾಗಲೇ ಸೆಲ್ಲಿನ ಡಬ್ಬಿಯಲ್ಲಿ ಮಲ್ಟಿಮೀಟರಿನಿಂದ ಅಳೆಯಿರಿ. ಎರಡೂವರೆ ವೋಲ್ಟಿಗಿಂತ ಚೆನ್ನಾಗಿ ಕೆಳಗಿಳಿದರೆ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿ, ಆಲ್ಕಲೈನ್ ಸೆಲ್ಲು ಹಾಕಿ. ರೀಚಾರ್ಜ್ ಮಾಡುವ ಸೆಲ್ಲು ಒಂದಕ್ಕೆ 1.2 ವೋಲ್ಟ್ ಅಷ್ಟೇ ಕೊಡುವುದರಿಂದ ಇದಕ್ಕೆ ಹೊಂದುವುದಿಲ್ಲ.

ಸೆಲ್ಲಿನ ಡಬ್ಬಿಯ ತಗಡುಗಳನ್ನೂ ನೋಡಿ. ಕರಾವಳಿ, ಮಲೆನಾಡಿನ ತೇವಕ್ಕೆ ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕೆರೆದು ಹೊಳೆಯುವಂತೆ ಮಾಡಿ.

ಸೆನ್ಸರ್ ಕಡ್ಡಿ

ಕವರ್ ತೆಗೆದರೆ ಕಡ್ಡಿಯ ತಂತಿಯನ್ನು ಬಾಕ್ಸಿನ ತನಕ ಕಣ್ಣಲ್ಲೇ ಹಿಂಬಾಲಿಸಬಹುದು. ಸ್ಪಾರ್ಕ್ ತಂತಿ ದಪ್ಪ, ಅದರ ಇನ್ಸುಲೇಷನ್ ಜಾಸ್ತಿ. ಸೆನ್ಸರ್ ತಂತಿ ತೆಳ್ಳಗಿರುತ್ತದೆ.

ಕಡ್ಡಿಯ ಮೇಲೆ ಮಸಿ ಇದ್ದರೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಬೂದಿಬಣ್ಣದ ಅಥವಾ ಬಿಳಿ ತೆಳುಪದರ. ಸಿಲಿಕೋನ್ ಸೀಲಂಟಿನ ಆವಿ, ತಲೆಗೂದಲಿಗೆ ಹಾಕುವ ಸೀರಮ್‌ಗಳಲ್ಲಿನ ಸಿಲಿಕೋನ್ ಎಲ್ಲ ಉರಿಯಲ್ಲಿ ಸುಟ್ಟು ಸಿಲಿಕಾ ಆಗುತ್ತದೆ. ಅಂದರೆ ಗಾಜಿನ ಜಾತಿಯ ಪದರ. ಅದು ಕರೆಂಟ್ ಬಿಡುವುದಿಲ್ಲ. ಕಡ್ಡಿ ನೋಡಲು ಶುಭ್ರವಾಗಿಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ‘ಕ್ಲೀನಾಗೇ ಇದೆ’ ಅಂತ ಬಿಟ್ಟುಬಿಡುವುದರಿಂದಲೇ ಎಷ್ಟೋ ಒಳ್ಳೆಯ ಬಾಕ್ಸ್‌ಗಳು ಗುಜರಿಗೆ ಹೋಗುತ್ತವೆ.

ಉಜ್ಜಲು ನಯವಾದ ಸ್ಟೀಲ್ ನಾರು ಸಾಕು. ಲೋಹದ ಹೊಳಪು ಬರುವ ತನಕ ಸುತ್ತಲೂ ಉಜ್ಜಿ. ಒರಟು ಸ್ಯಾಂಡ್ ಪೇಪರ್ ಬೇಡ, ಅದು ಮಾಡುವ ಗೀರುಗಳಲ್ಲಿ ಕೊಳೆ ಮತ್ತೆ ಬೇಗ ಕೂರುತ್ತದೆ. ಉಜ್ಜಿದ ಮೇಲೆ ಒಣಬಟ್ಟೆಯಿಂದ ಒರೆಸಿ, ನಾರಿನ ಎಳೆಗಳು ಬರ್ನರ್ ಮೇಲೆ ಉಳಿಯದಂತೆ ನೋಡಿ. ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ.

ಪಿಂಗಾಣಿಯನ್ನು ನಿಧಾನವಾಗಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅದರೊಳಗೆ ಮಸಿಯೋ ತೇವವೋ ಸೇರಿ ಕರೆಂಟ್ ಕಡ್ಡಿಗೆ ಹೋಗುವ ಮೊದಲೇ ಗೀಸರಿನ ತಗಡಿಗೆ ಇಳಿದುಹೋಗುತ್ತದೆ. ಒಂದು ದಿನ ಸರಿ, ಒಂದು ದಿನ ಇಲ್ಲ, ಮಳೆ ಬಂದ ದಿನ ಜಾಸ್ತಿ ತೊಂದರೆ ಅನ್ನುವ ದೂರಿಗೆ ಬಿರುಕು ಬಿಟ್ಟ ಪಿಂಗಾಣಿಯೇ ನನ್ನ ಮೊದಲ ಅನುಮಾನ. ಅಂಟು ಹಾಕಿ ಸರಿಮಾಡಲು ಆಗುವುದಿಲ್ಲ, ಕಡ್ಡಿ ಬದಲಿಸಬೇಕು. ಅದೇನೂ ದುಬಾರಿ ಭಾಗವಲ್ಲ.

ಆಮೇಲೆ ಕಡ್ಡಿ ನಿಂತ ಜಾಗ. ತುದಿ ಉರಿಯೊಳಗೆ ಇರಬೇಕು, ಬರ್ನರಿಗೆ ತಾಗಬಾರದು. ಒಮ್ಮೆ ಯಾರೋ ಸರ್ವಿಸ್ ಮಾಡುವಾಗ ಬಗ್ಗಿಸಿದ್ದರೆ ಉರಿ ಅದರ ಪಕ್ಕದಲ್ಲಿ ಉರಿಯುತ್ತಿರುತ್ತದೆ, ಕಡ್ಡಿ ಹೊರಗೆ ನಿಂತಿರುತ್ತದೆ. ಚಳಿಗಾಲ, ಬೇಸಿಗೆ ಅಂತ ನಾಬ್ ಇರುವ ಗೀಸರಿನಲ್ಲಿ ಬೇಸಿಗೆಗೆ ತಿರುಗಿಸಿದರೆ ಬರ್ನರಿನ ಕೆಲವು ಸಾಲುಗಳು ಮಾತ್ರ ಉರಿಯುತ್ತವೆ. ಎರಡೂ ಸ್ಥಾನದಲ್ಲಿ ಉರಿಯುವ ಸಾಲಿನ ಮೇಲೆ ಕಡ್ಡಿ ಇರಬೇಕು.

ಕಡ್ಡಿ ಸರಿಯಿದ್ದು ಉರಿಯೇ ಸರಿಯಿಲ್ಲದೆಯೂ ಇರಬಹುದು. ಬೇಸಿಗೆಯಲ್ಲಿ ಗೀಸರ್ ನಿಲ್ಲಿಸಿ ಜೂನ್ ಮಳೆಗೆ ಮತ್ತೆ ಹಚ್ಚುವ ಮನೆಗಳಲ್ಲಿ ಬರ್ನರಿನ ಗಾಳಿತೂತುಗಳಲ್ಲಿ ಜೇಡ ಬಲೆ ಕಟ್ಟಿರುತ್ತದೆ. ಆಗ ಗಾಳಿ ಸಾಲದೆ ಉರಿ ಹಳದಿಯಾಗಿ ತೂಗಾಡುತ್ತದೆ, ಮಸಿ ಕಟ್ಟುತ್ತದೆ, ಕಡ್ಡಿಯನ್ನು ಬಿಟ್ಟು ಬಿಟ್ಟು ಮುಟ್ಟುತ್ತದೆ. ನೀಲಿ ಉರಿ ಕಡ್ಡಿಯನ್ನು ಸುತ್ತಿ ನಿಂತಾಗ ಮಾತ್ರ ಕರೆಂಟ್ ಸ್ಥಿರವಾಗಿ ಹರಿಯುತ್ತದೆ.

ವಾಪಸ್ ಬರುವ ದಾರಿ

ಇದನ್ನು ಮರೆಯುವವರೇ ಜಾಸ್ತಿ. ಕರೆಂಟ್ ಬಾಕ್ಸಿನಿಂದ ಕಡ್ಡಿಗೆ, ಕಡ್ಡಿಯಿಂದ ಉರಿಗೆ, ಉರಿಯಿಂದ ಬರ್ನರಿಗೆ ಹೋಗುತ್ತದೆ. ಅಲ್ಲಿಂದ ಬಾಕ್ಸಿಗೆ ವಾಪಸ್ ಬರಲೇಬೇಕು. ಆ ವಾಪಸ್ ದಾರಿ ಅಂದರೆ ಬರ್ನರ್, ಅದನ್ನು ಹಿಡಿದ ಸ್ಕ್ರೂಗಳು, ಗೀಸರಿನ ತಗಡು, ಆ ತಗಡಿಗೆ ಸ್ಕ್ರೂ ಹಾಕಿ ಕೂರಿಸಿದ ಬಾಕ್ಸಿನ ಅರ್ಥ್ ತಂತಿ. ಡಯಾಫ್ರಮ್ ಕಡೆಯಿಂದ ಹನಿ ಹನಿ ಸೋರುವ ಗೀಸರಿನಲ್ಲಿ ಆ ಸ್ಕ್ರೂಗೇ ತುಕ್ಕು ಹಿಡಿದಿರುತ್ತದೆ. ಕಡ್ಡಿಯನ್ನು ಎಷ್ಟು ಉಜ್ಜಿದರೂ ಆಗ ಪ್ರಯೋಜನವಿಲ್ಲ. ಸ್ಕ್ರೂ ಬಿಚ್ಚಿ, ತಗಡನ್ನೂ ತಂತಿಯ ತುದಿಯ ಉಂಗುರವನ್ನೂ ಕೆರೆದು, ಬಿಗಿಯಾಗಿ ಹಾಕಿ. ಸೋರಿಕೆಯನ್ನೂ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ.

ಮೀಟರ್ ಇದ್ದರೆ

ಗ್ಯಾಸ್ ಮುಚ್ಚಿ, ಸೆಲ್ಲು ತೆಗೆದೇ ಮಾಡುವ ಮೂರು ಅಳತೆಗಳಿವೆ. ಸೆನ್ಸರ್ ತಂತಿಯನ್ನು ಬಾಕ್ಸಿನಿಂದ ಎಳೆದಿಟ್ಟುಕೊಳ್ಳಿ. ಕಡ್ಡಿಯ ತುದಿಯಿಂದ ತಂತಿಯ ಇನ್ನೊಂದು ತುದಿಗೆ ಓಮ್ ಅಳೆದರೆ ಸೊನ್ನೆಯ ಹತ್ತಿರ ಬರಬೇಕು. ತಂತಿಯಿಂದ ಬರ್ನರಿಗೆ ಅಳೆದರೆ ಮೀಟರಿನ ಅತಿ ದೊಡ್ಡ ರೇಂಜಿನಲ್ಲೂ ಏನೂ ತೋರಿಸಬಾರದು. ತೋರಿಸಿದರೆ ಪಿಂಗಾಣಿಯಲ್ಲೋ ತಂತಿಯಲ್ಲೋ ಸೋರಿಕೆ ಇದೆ. ಬಾಕ್ಸಿನ ಅರ್ಥ್ ತಂತಿಯಿಂದ ಬರ್ನರ್ ಮೈಗೆ ಅಳೆದರೆ ಒಂದು ಓಮಿಗಿಂತ ಕಡಿಮೆ ಇರಬೇಕು.

ಮೈಕ್ರೋ ಆಂಪಿಯರ್ ಅಳೆಯುವುದು ಅನುಭವ ಇದ್ದವರ ಕೆಲಸ. ಮೀಟರಿನ 200 ಮೈಕ್ರೋ ಆಂಪಿಯರ್ ಡಿಸಿ ರೇಂಜನ್ನು ಸೆನ್ಸರ್ ತಂತಿಗೂ ಬಾಕ್ಸಿಗೂ ನಡುವೆ ಸರಣಿಯಲ್ಲಿ ಸೇರಿಸಿ ಗೀಸರ್ ಹಚ್ಚಬೇಕು. ಉಜ್ಜುವ ಮೊದಲೂ ಆಮೇಲೂ ಅಳೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದೇ ಕಡ್ಡಿ ಸ್ಪಾರ್ಕನ್ನೂ ಕೊಡುವ ಮಾಡೆಲ್ ಆದರೆ ಈ ಪರೀಕ್ಷೆ ಮಾಡಲೇಬೇಡಿ. ಸ್ಪಾರ್ಕಿನ ಸಾವಿರಾರು ವೋಲ್ಟ್ ಮೀಟರನ್ನು ಸುಡುತ್ತದೆ, ಕೈಗೂ ಹೊಡೆಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಉರಿ ಆರಿದರೆ ಆಗ ಬಾಕ್ಸನ್ನು ಅನುಮಾನಿಸಿ. ಹೊರಗಿಂದ ಒಂದೇ ಥರ ಕಾಣುವ ಬಾಕ್ಸ್‌ಗಳಲ್ಲಿ ವ್ಯತ್ಯಾಸ ಇರುತ್ತದೆ. ಮೈಕ್ರೋ ಸ್ವಿಚ್ ಒತ್ತಿದಾಗ ಶುರುವಾಗುವುದು ಬೇರೆ, ಬಿಟ್ಟಾಗ ಶುರುವಾಗುವುದು ಬೇರೆ. ಹಳೆಯದನ್ನು ಅಂಗಡಿಗೆ ಒಯ್ದು, ಅದೇ ಮಾದರಿ ಕೇಳಿ ತನ್ನಿ.

ಹಾಬ್‌ಗೆ ಬೇರೆ ಲೆಕ್ಕ

ಅಡುಗೆಮನೆಯ ಹಲವು ಬಿಲ್ಟ್ ಇನ್ ಹಾಬ್‌ಗಳಲ್ಲಿ (ಕಟ್ಟೆಯೊಳಗೆ ಕೂರಿಸಿದ ಸ್ಟೌ) ಬರ್ನರ್ ಪಕ್ಕ ಇರುವ ಗುಂಡುತುದಿಯ ಕಡ್ಡಿ ಥರ್ಮೋಕಪಲ್. ಇದು ನಿಜವಾಗಿಯೂ ಶಾಖವನ್ನೇ ನೋಡುತ್ತದೆ. ಕಾದಾಗ ಕೆಲವು ಮಿಲಿವೋಲ್ಟ್ ಹುಟ್ಟಿಸಿ, ಅದರಿಂದಲೇ ವಾಲ್ವಿನ ಆಯಸ್ಕಾಂತವನ್ನು ಹಿಡಿದಿಡುತ್ತದೆ. ಅದಕ್ಕೇ ನಾಬನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಕೈ ಬಿಟ್ಟ ಕೂಡಲೇ ಆರಿದರೆ ತುದಿಯ ಮೇಲೆ ಉಕ್ಕಿದ ಹಾಲು, ಸಾರು ಸುಟ್ಟು ಅಂಟಿದೆಯೇ ನೋಡಿ, ಉಜ್ಜಿ. ತುದಿ ಉರಿಗೆ ತಾಗುತ್ತಿದೆಯೇ, ಬರ್ನರ್ ಮುಚ್ಚಳ ಓರೆಯಾಗಿ ಕೂತಿದೆಯೇ ನೋಡಿ. ಸ್ಪಾರ್ಕ್ ನಿಲ್ಲದೆ ಹೊಡೆಯುತ್ತಿದ್ದರೆ ಒರೆಸಿದ ನೀರು ನಾಬಿನ ಸ್ವಿಚ್ಚಿಗೆ ಇಳಿದಿದೆ ಅಂತ, ಒಣಗಲು ಬಿಡಿ. ಲೈಟರಿನಿಂದ ಹಚ್ಚುವ ಸಾಮಾನ್ಯ ಸ್ಟೌಗಳಲ್ಲಿ ಬಹುಮಟ್ಟಿಗೆ ಈ ರಕ್ಷಣೆಯೇ ಇಲ್ಲ.

ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸಿಗೆ ಗೀಸರಿನ ವಿಧಾನವೇ. ಬರ್ನರ್ ಹತ್ತಿ ಕೆಲವು ಸೆಕೆಂಡಿಗೆ ಆರುತ್ತದೆ, ಕೆಲವು ಸಲ ಪ್ರಯತ್ನಿಸಿ ಲಾಕ್ ಆಗುತ್ತದೆ. ಪವರ್, ಗ್ಯಾಸ್ ಎರಡೂ ನಿಲ್ಲಿಸಿ, ಕಡ್ಡಿ ಹಿಡಿದ ಒಂದು ಸ್ಕ್ರೂ ಬಿಚ್ಚಿ ಉಜ್ಜಿದರೆ ಬಹಳ ಸಲ ಸರಿಹೋಗುತ್ತದೆ. ಪಕ್ಕದಲ್ಲೇ ಕೆಂಪಗೆ ಕಾದು ಉರಿ ಹಚ್ಚುವ ಇಗ್ನೈಟರ್ ಇರುತ್ತದೆ. ಅದು ಸುಲಭವಾಗಿ ಒಡೆಯುತ್ತದೆ, ಬೆರಳು ತಾಗಿಸಬೇಡಿ.

ಈ ರಕ್ಷಣೆಯನ್ನು ತಪ್ಪಿಸಬೇಡಿ

ಸೆನ್ಸರನ್ನು ಹೇಗೋ ಬೈಪಾಸ್ ಮಾಡಿ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗಾಳಿಗೆ ಉರಿ ಆರಿದಾಗ ಗ್ಯಾಸನ್ನು ನಿಲ್ಲಿಸುವುದು ಆ ಕಡ್ಡಿ ಮಾತ್ರ.

ಇನ್ನೊಂದು ವಿಷಯ ಇಷ್ಟೇ ಗಟ್ಟಿಯಾಗಿ ಹೇಳಬೇಕು. ಸೆನ್ಸರ್ ಕಡ್ಡಿಗೆ ಕಾಣುವುದು ಉರಿ ಇದೆಯೋ ಇಲ್ಲವೋ ಅನ್ನುವುದಷ್ಟೇ. ಮುಚ್ಚಿದ ಬಾತ್‌ರೂಮಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತಿದ್ದರೂ ಅದರ ಪಾಲಿಗೆ ಎಲ್ಲ ಸರಿಯಾಗೇ ಇದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರಿನಲ್ಲೇ ಗ್ಯಾಸ್ ಗೀಸರಿನಿಂದ ಸ್ನಾನದ ಮನೆಯಲ್ಲಿ ಜೀವ ಹೋದ ಸುದ್ದಿಗಳು ಒಂದೆರಡಲ್ಲ. ಗೀಸರ್ ಇರಬೇಕಾದ್ದು ಬಾತ್‌ರೂಮಿನ ಹೊರಗೆ, ಗಾಳಿ ಆಡುವ ಜಾಗದಲ್ಲಿ. ಒಳಗಿದ್ದರೆ ಸೆನ್ಸರ್ ರಿಪೇರಿಗಿಂತ ಮೊದಲು ಅದನ್ನು ಹೊರಗೆ ಹಾಕಿಸಿ.

ಕೊನೆಯ ಪರೀಕ್ಷೆ

ಎಲ್ಲ ಜೋಡಿಸಿ ಗೀಸರ್ ಹಚ್ಚಿ. ಉರಿ ಬಂದ ಕೂಡಲೇ ಸ್ಪಾರ್ಕ್ ನಿಲ್ಲಬೇಕು. ನಲ್ಲಿ ಮುಚ್ಚಿ ತೆರೆದು ಕೆಲವು ಸಲ ನೋಡಿ, ಕಾದ ಮೇಲೂ ಒಮ್ಮೆ ನೋಡಿ. ಆಮೇಲೆ ಉರಿಯುತ್ತಿರುವಾಗಲೇ ರೆಗ್ಯುಲೇಟರ್ ಮುಚ್ಚಿ. ಉರಿ ತಾನಾಗಿ ಆರುತ್ತದೆ. ಬಾಕ್ಸ್ ಮತ್ತೆ ಒಂದಿಷ್ಟು ಸ್ಪಾರ್ಕ್ ಹೊಡೆಯಬಹುದು. ಕೆಲವು ಸೆಕೆಂಡಿನೊಳಗೆ ಸೊಲೆನಾಯ್ಡ್ ಟಕ್ ಎಂದು ಮುಚ್ಚುವ ಸದ್ದು ಕೇಳಬೇಕು. ಕೇಳಿದರೆ ನೀರಿನ ನಲ್ಲಿ ಮುಚ್ಚಿ, ಆಮೇಲಷ್ಟೇ ರೆಗ್ಯುಲೇಟರ್ ತೆರೆಯಿರಿ. ಕೇಳದಿದ್ದರೆ ರೆಗ್ಯುಲೇಟರನ್ನು ಮುಚ್ಚಿಯೇ ಇಟ್ಟು ಕಂಪನಿಯ ಸರ್ವಿಸಿನವರನ್ನು ಕರೆಯಿರಿ. ಅಲ್ಲಿಯ ತನಕ ಆ ಗೀಸರನ್ನು ಹಚ್ಚಬೇಡಿ.